ಗುತ್ಯಮ್ಮನ ಕಂಬಳಿ ಜೋಲಿ

ದೇಶ ದೇಶಗಳ ನಡುವೆ ಓಡಾಡಿ ಮಾತು ಕೂಡಿಸುವವರಿಗೆ ರಾಯಭಾರಿ ಅನ್ನುತ್ತಾರೆ. ಅವರಿಗೆ ಕಾರು, ಬಂಗಲೆ, ಬಾಗಿಲಲ್ಲೊಬ್ಬ ಜವಾನ. ಗುತ್ಯಮ್ಮ ಅದೇ ಕೆಲಸವನ್ನು ಶಿಕಾರಿಪುರ ಸೊರಬಗಳ ನಡುವಿನ ಹಳ್ಳಿಗಳಲ್ಲಿ ಬರಿಗಾಲಲ್ಲಿ ಮಾಡಿದಳು. ಅವಳಿಗೆ ಸಿಕ್ಕಿದ್ದು ಎಲೆಅಡಿಕೆ, ಜೊತೆಗೆ ಬೇಕಾದಷ್ಟು ಬೈಗುಳ. ಧರ್ಮಾಸ್ಪತ್ರೆ ಕಟ್ಟಿಸಿದ ಸಾಹುಕಾರರ ಹೆಸರನ್ನು ಗೋಡೆಯ ಕಲ್ಲಿನಲ್ಲಿ ಕೆತ್ತುತ್ತಾರೆ. ಗುತ್ಯಮ್ಮ ಕಟ್ಟಿದ್ದು ಒಂದು ಕರಿ ಕಂಬಳಿಯನ್ನು ಒಂದು ಬಿದಿರ ಗಳಕ್ಕೆ. ಅದರ ಮೇಲೆ ಯಾರ ಹೆಸರನ್ನು ಕೆತ್ತಲಿಕ್ಕಾದೀತು?

ಹುಟ್ಟಿದ್ದು ಸೊರಬದ ಕಡೆ, ಕುಬಟೂರಿನ ಹತ್ತಿರದ ಒಂದು ಕುರಿಹಟ್ಟಿಯಲ್ಲಿ. ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತು ಹುಟ್ಟಿದವಳಾದ್ದರಿಂದ ಆ ಹೆಸರು. ಕೊಟ್ಟದ್ದು ಶಿಕಾರಿಪುರದ ಕಡೆ, ಉಡುತಡಿಯಿಂದ ಕೂಗಳತೆಯ ಊರಿಗೆ. ಗಂಡ ಬೇಗ ತೀರಿಕೊಂಡ. ಮಗಳು ನಿಂಗಮ್ಮ, ಮಗ ಸಣ್ಣಬೀರಪ್ಪ, ಒಂದು ಮಂದೆ ಕುರಿ, ಒಂದಿಷ್ಟು ಜೋಳದ ಹೊಲ ಉಳಿದವು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಸೊರಬದ ಕಡೆ ಹೋಗುವುದು, ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುವುದು, ಗದ್ದೆಯವರು ಕೊಟ್ಟ ಭತ್ತ ಹೇರಿಕೊಂಡು ಮಳೆ ಹಿಡಿಯುವ ಮೊದಲು ವಾಪಸು ಬರುವುದು. ಹೀಗೆ ಎರಡೂ ಸೀಮೆಯ ಜಗುಲಿಗಳ ಮೇಲೆ ಕೂತು ಮಾತಾಡುವ ರೂಢಿ ಅವಳಿಗಾಯಿತು. ಎರಡೂ ಕಡೆಯವರು ಅವಳನ್ನು ತಮ್ಮವಳೆಂದರು. ಕೋಪ ಬಂದಾಗ ಎರಡೂ ಕಡೆಯವರು ಆ ಕಡೆಯವಳೆಂದರು.

ಮಗಳ ಸಾವೇ ಅವಳನ್ನು ಬೀದಿಗೆ ತಂದಿತು. ನಿಂಗಮ್ಮನ ಚೊಚ್ಚಲ ಹೆರಿಗೆಯಲ್ಲಿ ಮಗು ಅಡ್ಡ ಸಿಕ್ಕಿಕೊಂಡಿತು. ಅವಳನ್ನು ಮಂಚದ ಮೇಲೆ ಮಲಗಿಸಿ ಗಂಡನ ಊರಿನವರು ಆಸ್ಪತ್ರೆಗೆಂದು ಹೊತ್ತುಕೊಂಡು ಹೊರಟರು. ಆಗಿನ ಪದ್ಧತಿಯೆಂದರೆ ತಮ್ಮ ಊರಿನ ಗಡಿಯವರೆಗೆ ಹೊರುವುದು, ಅಲ್ಲಿ ಇಳಿಸುವುದು, ಅಲ್ಲಿಂದಾಚೆ ಮುಂದಿನ ಊರಿನವರದು. ಮುಂದಿನ ಊರಿನವರೂ ಬಂದರು. ಬಂದವರು ಕೆರೆ ಏರಿಯ ಮೇಲೆ ನಿಂತು, ಇದು ಯಾರ ಮನೆಯ ಮಂಚ, ಹೆರಿಗೆಯ ಮೈಲಿಗೆ ಇರುವಾಗ ಮುಟ್ಟುವುದು ಹೇಗೆ, ಆಮೇಲೆ ಸ್ನಾನ ಮಾಡಿದರೆ ಸಾಕೋ ಸಾಲದೋ ಎಂದು ಚರ್ಚೆಗಿಳಿದರು. ಕೆಟ್ಟವರಲ್ಲ ಯಾರೂ, ಒಬ್ಬ ತನ್ನ ತಲೆಯ ವಸ್ತ್ರವನ್ನೇ ಬಿಚ್ಚಿ ನೆರಳು ಹಿಡಿದಿದ್ದ. ಚರ್ಚೆ ಮುಗಿಯುವುದರೊಳಗೆ ನಿಂಗಮ್ಮ ಮುಗಿದಳು.

ಗುತ್ಯಮ್ಮ ಎದೆ ಬಡಿದುಕೊಂಡು ಅತ್ತಳು, ಮೈಮೇಲೆ ಪ್ರಜ್ಞೆಯಿಲ್ಲದವಳ ಹಾಗೆ ಕೆಲವು ದಿನ ಬಿದ್ದಿದ್ದಳು. ಆಮೇಲೆ ಎದ್ದು ಕೂತು ಕುರುಬರ ಬುದ್ಧಿ ಓಡಿಸಿದಳು. ಎಂಥ ಮಡಿವಂತರೂ ಕಂಬಳಿಯ ವಿಷಯದಲ್ಲಿ ತಕರಾರು ತೆಗೆಯುವುದಿಲ್ಲ. ಕಂಬಳಿಗೆ ಮೈಲಿಗೆ ತಾಗುವುದಿಲ್ಲ ಎಂಬುದು ಎಲ್ಲ ಕೇರಿಗಳೂ ಒಪ್ಪಿದ ಮಾತು. ಪೂಜೆಗೂ ಅದನ್ನು ಹಾಸುತ್ತಾರೆ, ಬಾಣಂತಿಗೂ ಅದನ್ನೇ ಹಾಸುತ್ತಾರೆ. ಹಾಗಾದರೆ ಕಾಯಿಲೆಯವರನ್ನು ಕಂಬಳಿಯ ಜೋಲಿಯಲ್ಲಿ ಹಾಕಿ, ಗಳ ಮಾತ್ರ ಹಿಡಿದು ಹೊತ್ತರೆ ಯಾರು ಯಾರನ್ನು ಮುಟ್ಟಿದ ಹಾಗಾಯಿತು? ಇದನ್ನು ಹಿಡಿದುಕೊಂಡು ಊರಿಂದೂರಿಗೆ ನಡೆದಳು. ಕೆಲವು ಕಡೆ ಒಳಗೆ ಕರೆದರು, ಕೆಲವು ಕಡೆ ಕೊಟ್ಟಿಗೆಯ ಹತ್ತಿರವೇ ನಿಲ್ಲಿಸಿ ಮಾತಾಡಿಸಿದರು. ಒಬ್ಬ ಗೌಡ ಎಷ್ಟು ಹೇಳಿದರೂ ಬಗ್ಗದಿದ್ದಾಗ ಅವಳು ಹೇಳಿದ ಮಾತು ಬಹಳ ಕಾಲ ಜನರ ಬಾಯಲ್ಲಿತ್ತು: “ನೀವು ಮನುಷ್ಯರನ್ನ ಹೊರಾಂಗಿಲ್ರೀ ಗೌಡ್ರೆ. ಕಂಬಳಿ ಹೊರ್ತೀರಿ. ಒಳಗ ಯಾರದಾರ ಅಂತ ಇಣುಕಿ ನೋಡಬ್ಯಾಡ್ರಿ.”

ಅಂತೂ ಒಪ್ಪಂದವಾಯಿತು. ಗಡಿಯಲ್ಲಿ ಇಳಿಸುವ ಪದ್ಧತಿ ನಿಂತಿತು. ಕಾಯಿಲೆಯವರು ಯಾವ ಕೇರಿಯವರಾದರೂ ಸರಿ, ಎತ್ತಿದವರೇ ಬಸ್ಸಿನ ರಸ್ತೆಯವರೆಗೆ ಹೊರಬೇಕು. ಹೊತ್ತವರ ಊಟಕ್ಕೆ, ರಸ್ತೆಯಿಂದಾಚೆಯ ಖರ್ಚಿಗೆ ಪ್ರತಿ ಮನೆಯವರು ಕಣದಲ್ಲೇ ಒಂದು ಮೊರ ಭತ್ತವೋ ಜೋಳವೋ ತೆಗೆದಿಡಬೇಕು. ಕಂಬಳಿ ಗುತ್ಯಮ್ಮ ನೇಯಿಸಿಕೊಡುತ್ತಾಳೆ. ಈಸೂರಿನ ಆಚೆಯಿಂದ ಹಿಡಿದು ಸೊರಬದ ಕಾನುಕಾಡಿನ ಅಂಚಿನವರೆಗೆ ಅದಕ್ಕೆ ಗುತ್ಯಮ್ಮನ ಜೋಲಿ ಎಂದೇ ಹೆಸರಾಯಿತು. ಹಾವು ಕಚ್ಚಿದವರು, ಮರದಿಂದ ಬಿದ್ದವರು, ಹೆರಿಗೆ ಕಷ್ಟವಾದವರು ಅದರಲ್ಲಿ ಹೋದರು. ಹಲವರು ನಡೆದುಕೊಂಡು ವಾಪಸು ಬಂದರು. ಸಣ್ಣಬೀರಪ್ಪ ಬಲಿತ ಮೇಲೆ ಮುಂದಿನ ಹೆಗಲು ಅವನದಾಯಿತು. ದೊಡ್ಡ ಆಳು, ಬಾಯಿ ಇನ್ನೂ ದೊಡ್ಡದು. ಜೋಲಿಯಲ್ಲಿ ನರಳುವವರನ್ನು ದಾರಿಯುದ್ದ ನಗಿಸುತ್ತ ಹೋಗುತ್ತಿದ್ದ. ಅವನಿಗೊಂದು ಹೆಣ್ಣೂ ಗೊತ್ತಾಗಿತ್ತು, ಮುಂದಿನ ಯುಗಾದಿ ಕಳೆದ ಮೇಲೆ ಮದುವೆ ಎಂದು ಮಾತಾಗಿತ್ತು.

ಐವತ್ತೇಳರ ಸುಗ್ಗಿ ಕಳೆದು ಮಂದೆ ಸೊರಬದ ಕಡೆ ಬಂದಾಗ ಕಾನಿನಲ್ಲಿ ಮಂಗಗಳು ಸಾಯುತ್ತಿದ್ದವು. ಕೊಂಬೆಯ ಮೇಲೆ ಕೂತದ್ದು ಕೂತ ಹಾಗೇ ತೂಕಡಿಸಿ ದೊಪ್ಪನೆ ಬೀಳುತ್ತಿತ್ತು. ಕಾನುಕೊಪ್ಪವೆಂಬ ಆ ಅಂಚಿನ ಊರಿನವರಿಗೆ ಇದು ಬರಿಯ ಪ್ರಾಣಿಯ ಸಾವಲ್ಲ. ಈ ಸೀಮೆಯಲ್ಲಿ ಮನೆಗೊಬ್ಬ ಹುಚ್ಚರಾಯಪ್ಪ ಇದ್ದಾನೆಂದರೆ ಶಿಕಾರಿಪುರದ ಹುಚ್ಚರಾಯಸ್ವಾಮಿಯ ಮೇಲೆ ಅಷ್ಟು ಭಕ್ತಿ, ಹುಚ್ಚರಾಯನೆಂದರೆ ಹನುಮಂತ. ಮಂಗ ಸತ್ತು ಬಿದ್ದಿರುವುದನ್ನು ಕಂಡೂ ಬಿಟ್ಟು ಬಂದರೆ ಅದು ಮನುಷ್ಯರು ಮಾಡುವ ಕೆಲಸವಲ್ಲ. ಎತ್ತಿ ತರಬೇಕು, ಮೈ ತೊಳೆದು ಕುಂಕುಮ ಇಡಬೇಕು, ಭಜನೆ ಮಾಡುತ್ತ ಹೊತ್ತು ಮಣ್ಣು ಮಾಡಬೇಕು. ಹಾಗೆ ಮಾಡುತ್ತಿದ್ದ ಹಾಗೆ ಊರಿನಲ್ಲಿ ಜ್ವರ ಕಾಣಿಸಿಕೊಂಡಿತು. ಕಣ್ಣು ಕೆಂಪಾಗುವುದು, ಸೊಂಟ ಮುರಿದ ಹಾಗೆ ನೋಯುವುದು, ಮೂಗು ವಸಡಿನಲ್ಲಿ ರಕ್ತ. ಗಟ್ಟಿಮುಟ್ಟಾದ ಆಳುಗಳೇ ಉದುರಿದರು.

ಡಾಕ್ಟರುಗಳು ಬಂದು ಕಾನಿನ ಈಚೆ ಡೇರೆ ಹೊಡೆದರು, ಪಕ್ಕದಲ್ಲೊಂದು ಹುಲ್ಲಿನ ಚಪ್ಪರ ಹಾಕಿ ಮಂಚ ಇಟ್ಟರು. ಕೊಯ್ದು ಪರೀಕ್ಷಿಸಲು ಅವರಿಗೆ ಸತ್ತ ಮಂಗ ಬೇಕಿತ್ತು, ಸತ್ತ ಕೂಡಲೇ ಬೇಕಿತ್ತು. ಯಾರೂ ಹತ್ತಿರ ಹೋಗಬೇಡಿ, ನಮಗೆ ಹೇಳಿ ಕಳಿಸಿ, ನಾವೇ ಬಂದು ಒಯ್ಯುತ್ತೇವೆ ಅಂದರು. ಬಂದವರು ಬೂಟುಗಾಲಿನಲ್ಲಿ, ಉದ್ದ ಇಕ್ಕಳದಲ್ಲಿ ಬಾಲ ಹಿಡಿದು ಎಳೆದುಕೊಂಡು ಹೋದದ್ದನ್ನು ಊರು ನೋಡಿತು. ಮರುದಿನ ಜೀಪಿನ ಮೇಲೆ ಕಲ್ಲು ಬಿತ್ತು. ಆಮೇಲೆ ಮಂಗ ಸತ್ತ ಸುದ್ದಿಯೇ ಡೇರೆಗೆ ಮುಟ್ಟಲಿಲ್ಲ. ಊರಿನವರು ಗುಟ್ಟಾಗಿ ಎತ್ತುವುದು, ಗುಟ್ಟಾಗಿ ಹೂಳುವುದು, ಜ್ವರ ಬಂದು ಮಲಗುವುದು ನಡೆದೇ ಇತ್ತು. ಡೇರೆಯಲ್ಲಿದ್ದ ಎಳೆಯ ಡಾಕ್ಟರಿಗೆ ದಿಕ್ಕು ತೋಚದೆ ಹೋದಾಗ, ಸೊರಬದ ಕಡೆಯವನೇ ಆದ ಕಾಂಪೌಂಡರ್ ಸುಬ್ಬಪ್ಪ ಗುತ್ಯಮ್ಮನ ಹೆಸರು ಹೇಳಿದ.

ಕಾನುಕೊಪ್ಪದ ಹನುಮಂತನ ಗುಡಿಯ ಮುಂದೆ ಪಂಚಾಯ್ತಿ ಸೇರಿತು. ಊರಿನ ಹಿರಿಯ ಆನಂದಪ್ಪ ಅವಳನ್ನು ನೋಡಿದ ಕೂಡಲೇ ಕೇಳಿದ: “ಗುತ್ಯಮ್ಮ, ನಿನ್ನ ಮನೆದೇವ್ರನ್ನ ಕುಯ್ಯಕ್ಕೆ ಕೊಡು ಅಂದ್ರೆ ಕೊಡ್ತೀಯೇನು ನೀನು?”

ಪಂಚಾಯ್ತಿಗಳಲ್ಲಿ ಗುತ್ಯಮ್ಮ ಮೊದಲ ಮಾತನ್ನು ಬಿಟ್ಟುಬಿಡುತ್ತಿದ್ದಳು, ಸಿಟ್ಟು ಇಳಿದ ಮೇಲಿನ ಮಾತನ್ನಷ್ಟೇ ಕೇಳಿಸಿಕೊಳ್ಳುತ್ತಿದ್ದಳು. ಹೊತ್ತು ಇಳಿಯುವವರೆಗೆ ಕೂತು, ಡೇರೆಗೂ ಗುಡಿಗೂ ಓಡಾಡಿ ಒಂದು ದಾರಿ ಹುಡುಕಿದಳು. ಮಂಗವನ್ನು ಹೊರಗಿನವರು ಎಳೆಯುವುದು ಬೇಡ, ಊರಿನವರೇ ಗೌರವದಿಂದ ತರಲಿ. ಕೈಯಲ್ಲಿ ಯಾರೂ ಹಿಡಿಯುವುದು ಬೇಡ, ಕಂಬಳಿಯ ಅಂಚಿನಿಂದ ಹೊರಳಿಸಿ ಜೋಲಿಗೆ ಹಾಕಿಕೊಂಡು ಗಳದಲ್ಲಿ ಹೊರಲಿ. ಗುಡಿಯ ಮುಂದೆ ಇಳಿಸಿ ಹೂವು ಕುಂಕುಮ ಹಾಕಿ, ಅಲ್ಲಿಂದ ಡೇರೆಗೆ. ಡಾಕ್ಟರು ನೋಡುವುದನ್ನು ನೋಡಿ ಮುಗಿಸಿದ ಮೇಲೆ ಪೂಜಾರಿಯ ಎದುರಿಗೇ ಮಣ್ಣು ಮಾಡಬೇಕು. ಇಷ್ಟಕ್ಕೆ ಆನಂದಪ್ಪ ಹೂಂ ಅಂದ.

ಎಳೆಯ ಡಾಕ್ಟರು ಮಾತ್ರ ಸ್ವಲ್ಪ ಅನುಮಾನಿಸಿದರು. ಕೈ ಸೋಕುವುದಿಲ್ಲ ತಾನೇ ಎಂದು ಎರಡೆರಡು ಸಲ ಕೇಳಿದರು. ಕಂಬಳಿ ಇರುವಾಗ ಸೋಕುವುದೆಲ್ಲಿ ಬಂತು ಅಂದಳು ಗುತ್ಯಮ್ಮ. ಮಗಳು ಸತ್ತ ಮೇಲಿನ ಇಷ್ಟು ವರ್ಷಗಳ ಅನುಭವ ಅವಳ ಬೆನ್ನಿಗಿತ್ತು, ಅವಳ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಡಾಕ್ಟರಿಗೂ ಆಗ ಈ ಜ್ವರ ಎಲ್ಲಿಂದ ಹೇಗೆ ಬರುತ್ತದೆಂಬುದು ಪೂರ್ತಿ ತಿಳಿದಿರಲಿಲ್ಲ, ಮಂಗಗಳಂತೂ ಬೇಕೇ ಬೇಕಿದ್ದವು. ಆಗಲಿ ಎಂದು ತಲೆಯಾಡಿಸಿದರು. ಸುತ್ತಲಿನ ಊರುಗಳಲ್ಲೆಲ್ಲ ಗುತ್ಯಮ್ಮನ ಚಾಣಾಕ್ಷತನದ್ದೇ ಮಾತಾಯಿತು, ಅವಳಿಗೂ ಒಳಗೊಳಗೇ ಹೆಮ್ಮೆಯಾಗದೆ ಇರಲಿಲ್ಲ.

ಮುಂದಿನ ಹೆಗಲು ಸಣ್ಣಬೀರಪ್ಪನದು, ಹಿಂದಿನದು ಕಾನುಕೊಪ್ಪದ ಚೌಡಪ್ಪನದು. ಮಂಗ ಬಿದ್ದಾಗಲೆಲ್ಲ ಇವರಿಬ್ಬರೇ ಹೋಗುತ್ತಿದ್ದರು. ಹೊತ್ತು ತಂದು ಒಪ್ಪಿಸಿದ ಮೇಲೆ ಕಂಬಳಿಯನ್ನು ಕೊಡವಿ ಹೆಗಲಿಗೆ ಹಾಕಿಕೊಳ್ಳುವುದು. ಕುರಿ ಕಾಯುವವನಿಗೆ ಕಂಬಳಿಯೇ ಅಂಗಿ, ಕಂಬಳಿಯೇ ಹಾಸಿಗೆ. ಬಿಸಿಲಿಗೆ ತಲೆಗೆ ಹೊದ್ದ, ಚಳಿಗೆ ಮೈಗೆ ಸುತ್ತಿಕೊಂಡ, ಮಂದೆಯ ಪಕ್ಕ ಅದರ ಮೇಲೇ ಮಲಗಿದ. ಅದನ್ನು ಬೇರೆ ಇಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದಕ್ಕೆ ಏನೂ ತಾಗುವುದಿಲ್ಲವೆಂದು ಹೇಳಿದವಳು ಅವನ ತಾಯಿಯೇ.

ಮೊದಲು ಬಿದ್ದವನು ಚೌಡಪ್ಪ. ವಾರದೊಳಗೆ ಸತ್ತ, ಅವನ ಹೆಂಡತಿ ರಾಧಮ್ಮ ಕಂಕುಳ ಕೂಸಿನೊಂದಿಗೆ ಉಳಿದಳು. ಊರಿನವರ ಬಾಯಲ್ಲಿ ಒಂದೇ ಮಾತು: ಸ್ವಾಮಿಯನ್ನು ಕುಯ್ಯಲಿಕ್ಕೆ ಕೊಟ್ಟದ್ದಕ್ಕೆ ಸ್ವಾಮಿ ಮುನಿದ. ಇನ್ನು ಡೇರೆಗೆ ಒಂದು ಮಂಗವನ್ನೂ ಕೊಡುವುದಿಲ್ಲ, ಮೊದಲಿನ ಹಾಗೆ ಭಜನೆ ಮಾಡಿಕೊಂಡು ಹೆಗಲ ಮೇಲೇ ಹೊತ್ತು ತಪ್ಪುಕಾಣಿಕೆ ಕಟ್ಟುತ್ತೇವೆ ಎಂದು ತೀರ್ಮಾನವಾಯಿತು. ಆ ಹೊತ್ತಿಗೆ ಮಂದೆಯ ಹತ್ತಿರ ಸಣ್ಣಬೀರಪ್ಪ ಕಣ್ಣು ಕೆಂಪಗೆ ಮಾಡಿಕೊಂಡು ಮಲಗಿದ್ದ. ಅವ್ವಾ ತಲೆ ಒಡೀತೈತಿ ಅಂದವನು ಮತ್ತೆ ತಮಾಷೆಯ ಮಾತೇ ಆಡಲಿಲ್ಲ.

ಗುತ್ಯಮ್ಮ ಆನಂದಪ್ಪನ ಮನೆಗೆ ಓಡಿದಳು, ಹೊರುವವರು ಬೇಕೆಂದಳು. ಇಷ್ಟು ವರ್ಷ ಆ ಮಾತು ಹೇಳಿದಾಗ ಯಾವ ಊರಿನಲ್ಲೂ ಇಲ್ಲ ಅಂದದ್ದಿಲ್ಲ. ಆನಂದಪ್ಪ ಬಾಗಿಲಿಗೆ ಬಂದ, ನೆಲ ನೋಡುತ್ತ ನಿಂತ. ನಾನು ಬಂದರೆ ನಮ್ಮನೆ ಹೆಂಗಸರು ಬಾವಿ ನೋಡಿಕೊಳ್ಳುತ್ತಾರೆ ಗುತ್ಯಮ್ಮ ಅಂದ. ಉಳಿದ ಮನೆಗಳಲ್ಲಿ ಯಾರೂ ಬಾಗಿಲಿಗೂ ಬರಲಿಲ್ಲ. ಕೊನೆಗೆ ಮಾತ್ರೆ ಹಂಚಲು ಬಂದಿದ್ದ ಸುಬ್ಬಪ್ಪ ಚೀಲ ಕೆಳಗಿಟ್ಟು ಮುಂದಿನ ಹೆಗಲು ಕೊಟ್ಟ, ಹಿಂದಿನದನ್ನು ಗುತ್ಯಮ್ಮ ಹೊತ್ತಳು. ಮಗನ ಭಾರಕ್ಕೆ ಅವಳ ಹೆಗಲು ಕಿತ್ತು ಬರುವ ಹಾಗಾಗಿತ್ತು. ದಾರಿಯಲ್ಲಿ ಇಳಿಸಿ ಇಳಿಸಿ ಹೊತ್ತು ಡೇರೆ ಮುಟ್ಟುವಾಗ ಬಿಸಿಲು ಇಳಿದಿತ್ತು.

ಎಳೆಯ ಡಾಕ್ಟರು ಸಣ್ಣಬೀರಪ್ಪನನ್ನು ಮಂಚಕ್ಕೆ ಹಾಕಿಸಿ, ಜೋಲಿಯ ಕಂಬಳಿಯನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಹೊಡೆದರು. ಬಟ್ಟೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಏನೋ ಉದುರಿತು, ಉದುರಿದ್ದು ಹರಿದಾಡತೊಡಗಿತು. ಗುತ್ಯಮ್ಮ ಬಗ್ಗಿ ನೋಡಿದಳು. ಉಣುಗು, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ. ಇದಕ್ಕೆ ಯಾಕೆ ಇವರು ಮುಖ ಹೀಗೆ ಮಾಡಿಕೊಂಡಿದ್ದಾರೆಂದು ಅವಳಿಗೆ ಅರ್ಥವಾಗಲಿಲ್ಲ.

“ಉಣುಗಲ್ಲೇನ್ರೀ ಇವು. ಕುರಿ ಮೈತುಂಬ ಇರ್ತಾವು. ನಾವು ಹುಟ್ಟಿದಾಗಿಂದ ಕಚ್ಚಿಸ್ಕೊಂಡೇ ಬಂದೀವಿ,” ಅಂದಳು.

“ಇವು ಕುರಿಯವಲ್ಲ ಅನ್ಸತ್ತಮ್ಮ. ಸತ್ತ ಮಂಗನ ಮೈ ತಣ್ಣಗಾದ ಮೇಲೆ ಇಳಿದು ಕಂಬಳಿ ಸೇರಿರಬೇಕು. ಜ್ವರ ಇವುಗಳ ಜೊತೆ ಬರ್ತಾ ಇದೆ ಅಂತ ನನಗೀಗ ಅನುಮಾನ,” ಅಂದರು ಡಾಕ್ಟರು.

ಅವಳಿಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ಚೌಡಪ್ಪನನ್ನು ಕೊಂದದ್ದು ಯಾವ ಸ್ವಾಮಿಯ ಮುನಿಸೂ ಅಲ್ಲ. ಮಂಗವನ್ನು ಹೊರಿಸಿ, ಅದೇ ಕಂಬಳಿ ಹೊದೆಸಿ ಮಗನನ್ನು ಮಲಗಿಸಿದವಳು ತಾನು. ಸುಬ್ಬಪ್ಪನಿಂದ ಸೀಮೆಎಣ್ಣೆ ಇಸಿದುಕೊಂಡು ಕಂಬಳಿಯನ್ನು ತಾನೇ ಸುಟ್ಟಳು. ಉಣ್ಣೆ ಸುಟ್ಟ ಕಮಟು ಡೇರೆಯ ತುಂಬ ಹರಡಿತು.

ಕೆಲವು ದಿನಗಳಲ್ಲಿ ಸಣ್ಣಬೀರಪ್ಪನ ಜ್ವರ ಇಳಿಯಿತು. ಗಂಜಿ ಬೇಡ, ರೊಟ್ಟಿ ತಾ ಅಂದ. ಅವಳಿಗೆ ಹೋದ ಜೀವ ಬಂತು. ಮಗ ಉಳಿದನೆಂಬ ಧೈರ್ಯದಲ್ಲಿ ಅವನನ್ನು ಸುಬ್ಬಪ್ಪನಿಗೆ ಒಪ್ಪಿಸಿ ಕಾನುಕೊಪ್ಪಕ್ಕೆ ನಡೆದಳು. ಹೋಗದೆ ಇರಬಹುದಿತ್ತು. ಆದರೆ ಅಲ್ಲಿ ಇನ್ನೊಂದು ಮಂಗ ಬಿದ್ದಿತ್ತು, ಭಜನೆಗೆ ಜನ ಸೇರಿದ್ದರು, ನಾಳೆ ಮಲಗುವವರು ಯಾರೆಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಗುಡಿಯ ಮುಂದೆ ನಿಂತು ಬಿಳಿ ಬಟ್ಟೆಯ ಮೇಲೆ ತಾನು ಕಂಡದ್ದನ್ನೆಲ್ಲ ಹೇಳಿದಳು. ಗದ್ದಲ ಅಡಗಿತು. ಹಾಗಾದರೆ ಸ್ವಾಮಿಯದಲ್ಲ, ನಿನ್ನ ಕಂಬಳಿಯದು ತಪ್ಪು ಅಂತೀಯ ಎಂದು ಆನಂದಪ್ಪ ಕೇಳಿದ. ಹೌದು, ನಂದೇ ಅಂದಳು. ಬೇರೆ ಯಾರ ಮೇಲೆ ಹಾಕಿ ಹೇಳಿದ್ದರೂ ಆ ಜನ ನಂಬುತ್ತಿರಲಿಲ್ಲ. ಅವಳು ತನ್ನ ಮೇಲೇ ಹಾಕಿಕೊಂಡದ್ದರಿಂದ ನಂಬಿದರು. ಮಂಗವನ್ನು ಬಿದ್ದಲ್ಲೇ ಬಿಟ್ಟು, ದೂರದಿಂದಲೇ ಹೂವು ಎಸೆದು ಕೈಮುಗಿದು, ಡೇರೆಯವರಿಗೆ ಹೇಳಿ ಕಳಿಸಿದರು. ಹಿಂದೆ ನಿಂತಿದ್ದ ರಾಧಮ್ಮ ಕೂಸನ್ನು ಇನ್ನೊಬ್ಬಳ ಕೈಗೆ ಕೊಟ್ಟು ಮುಂದೆ ಬಂದಳು, ಗುತ್ಯಮ್ಮನ ಕಾಲ ಬಳಿ ಮಣ್ಣು ಎರಚಿ ಹೋದಳು. ಗುತ್ಯಮ್ಮ ಆ ಮಣ್ಣನ್ನು ಒರೆಸಿಕೊಳ್ಳಲಿಲ್ಲ. ಇನ್ನು ಈ ಸೀಮೆಯಲ್ಲಿ ಅವಳ ಜೋಲಿಗೆ ಯಾರೂ ಹೆಗಲು ಕೊಡುವುದಿಲ್ಲವೆಂಬುದು ಅವಳಿಗೆ ಅಲ್ಲಿಯೇ ಗೊತ್ತಾಯಿತು. ಉಳಿದ ಊರುಗಳಿಗೂ ಹೋಗಿ ಅದೇ ಮಾತು ಹೇಳಿ ಡೇರೆಗೆ ತಿರುಗಿದಳು.

ಅಷ್ಟರಲ್ಲಿ ಜ್ವರ ಮರುಕಳಿಸಿತ್ತು. ಈ ಸಲ ಅದು ತಲೆಗೇರಿತ್ತು. ಸಣ್ಣಬೀರಪ್ಪ ತಾಯಿಯ ಗುರುತು ಹಿಡಿಯಲಿಲ್ಲ, ಇಲ್ಲದ ಕುರಿಗಳನ್ನು ಕೂಗುತ್ತಿದ್ದ, ಕೈಕಾಲು ನಡುಗುತ್ತಿದ್ದವು. ಅವಳು ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆ ಹಾಕುತ್ತ ಕೂತಳು. ಮರುದಿನ ನಡುಮಧ್ಯಾಹ್ನ, ಚಪ್ಪರದ ಹುಲ್ಲು ಬಿಸಿಲಿಗೆ ಚಟಗುಟ್ಟುತ್ತಿದ್ದಾಗ, ಕೂಗು ನಿಂತಿತು. ಗುತ್ಯಮ್ಮ ಅವನ ಕಣ್ಣು ಮುಚ್ಚಿ ಹೊರಗೆ ಬಂದು ನೀರಿನ ಹಂಡೆಯ ಪಕ್ಕ ಕೂತಳು.

ಆ ದಿನ ಬೆಳಿಗ್ಗೆಯಷ್ಟೇ ದೂರದಿಂದ ಒಬ್ಬ ದೊಡ್ಡ ಡಾಕ್ಟರು ಬಂದಿದ್ದರು, ಡೇರೆಯಲ್ಲಿ ಕಾಗದಪತ್ರ ನೋಡುತ್ತ ಕೂತವರು ಚಪ್ಪರದೊಳಗೆ ಇನ್ನೂ ಹೋಗಿರಲಿಲ್ಲ. ವಯಸ್ಸಾದವರು, ನಿಧಾನದ ಮನುಷ್ಯ. ಎಳೆಯ ಡಾಕ್ಟರು ಇನ್ನೊಂದು ಊರಿಗೆ ರಕ್ತ ತೆಗೆಯಲು ಹೋಗಿದ್ದರು. ಮಂಗಗಳನ್ನು ಕೊಡಿಸಿದ ಹೆಂಗಸು ಇವಳೇ ಎಂದು ದೊಡ್ಡ ಡಾಕ್ಟರಿಗೆ ಯಾರೋ ಹೇಳಿದ್ದರು, ಅಷ್ಟೇ ಗೊತ್ತಿತ್ತು. ಅವರು ಬಂದು ಅವಳೆದುರು ಕುಕ್ಕರುಗಾಲಲ್ಲಿ ಕೂತರು.

“ಗುತ್ಯಮ್ಮನವರೇ, ನೀವು ಹೇಳಿದರೆ ಈ ಕಡೆ ಜನ ಕೇಳ್ತಾರಂತೆ. ಈಗ ತೀರಿಕೊಂಡನಲ್ಲ, ಆ ಹುಡುಗನ ದೇಹವನ್ನು ತೆರೆದು ನೋಡಬೇಕು. ಜ್ವರ ಒಳಗೆ ಏನು ಮಾಡ್ತದೆ ಅಂತ ತಿಳಿಯೋಕೆ ಬೇರೆ ದಾರಿ ಇಲ್ಲ. ಅವನ ತಾಯಿ ಇಲ್ಲೇ ಎಲ್ಲೋ ಇದ್ದಾಳಂತೆ. ಒಪ್ಪಿಸ್ತೀರಾ?”

ಸುಬ್ಬಪ್ಪ ಓಡಿ ಬಂದು ಏನೋ ಹೇಳಲು ಬಾಯಿ ತೆರೆದ. ಗುತ್ಯಮ್ಮ ಕೈಯೆತ್ತಿ ಅವನನ್ನು ತಡೆದಳು.

“ಮುಖಕ್ಕ ಏನೂ ಮಾಡಬಾರ್ದು ಅಂತಾಳ ಆಕಿ,” ಅಂದಳು.

“ಮಾಡಲ್ಲ. ಮುಖ ಇದ್ದ ಹಾಗೇ ಇರ್ತದೆ.”

“ಹೊತ್ತು ಮುಳುಗೋದ್ರೊಳಗ ಮಣ್ಣಿಗೆ ಕೊಡಬೇಕು ಅಂತಾಳ.”

“ಕೊಡ್ತೀವಿ.”

“ಇದ್ರಿಂದ ಮತ್ತೊಬ್ಬರ ಮಕ್ಕಳು ಉಳೀತಾವೇನು ಅಂತ ಕೇಳ್ತಾಳ.”

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸುಳ್ಳು ಹೇಳಲು ಅವರಿಗೆ ಮನಸ್ಸಾಗಲಿಲ್ಲ. “ಗೊತ್ತಿಲ್ಲಮ್ಮ. ಉಳೀಬಹುದು. ಇವತ್ತೇ ಅಲ್ಲ,” ಅಂದರು.

ಗುತ್ಯಮ್ಮ ತಲೆಯಾಡಿಸಿದಳು. “ಒಪ್ಪಿದಾಳ್ರೀ. ಮಾಡ್ರಿ.”

“ನೀವಿನ್ನೂ ಅವಳ ಹತ್ತಿರ ಹೋಗಿ ಮಾತೇ ಆಡಲಿಲ್ಲವಲ್ಲ?”

“ಮಾತಾಡಿ ಆತು,” ಅಂದು ಗುತ್ಯಮ್ಮ ನೆಲಕ್ಕೆ ಕೈಯೂರಿ ಎದ್ದಳು, ಕತ್ತರಿಸುವ ಮೊದಲು ಮಗನ ಮೈ ತೊಳೆಯಬೇಕೆಂದು ಹಂಡೆಯಿಂದ ನೀರು ಮೊಗೆದುಕೊಂಡು ಚಪ್ಪರದೊಳಗೆ ಹೋದಳು.